ಐಂದ್ರಜಾಲಿಕ ರಾಬರ್ಟ್ ಹೂಡಿನ್

ಫ್ರಾನ್ಸ್ ದೇಶದಲ್ಲಿ ಲ್ವಾರ್ ನದಿಯ ದಂಡೆಯ ಮೇಲೆ ಬ್ಲ್ವಾ ಎಂಬ ಹಳೆಯ ಪಟ್ಟಣವಿದೆ. ಒಂದು ಕಾಲದಲ್ಲಿ ಫ್ರೆಂಚ್ ಅರಸರು ಅಲ್ಲಿ ವಾಸವಾಗಿದ್ದರು. ಅವರ ಅರಮನೆ ಇಂದಿಗೂ ಊರಿನ ನಡುವೆ ನಿಂತಿದೆ. ಈ ಪಟ್ಟಣದ ಗಡಿಯಾರ ತಯಾರಕನೊಬ್ಬನ ಮನೆಯಲ್ಲಿ 1805ರ ಡಿಸೆಂಬರ್ ತಿಂಗಳಲ್ಲಿ ಒಂದು ಗಂಡುಮಗು ಹುಟ್ಟಿತು. ಜಾನ್ ಯೂಜೆನ್ ರಾಬರ್ಟ್ ಎಂದು ಅದಕ್ಕೆ ಹೆಸರಿಟ್ಟರು. ಇತರ ಮಕ್ಕಳು ಬೊಂಬೆ ಬುಗುರಿಗಳೊಡನೆ ಆಡುವ ವಯಸ್ಸಿನಲ್ಲಿ ಈ ಹುಡುಗನಿಗೆ ಅರ, ಇಕ್ಕಳ, ಸುತ್ತಿಗೆಗಳೇ ಆಟದ ಸಾಮಾನುಗಳಾಗಿದ್ದವು. ತಂದೆಯ ಅಂಗಡಿಯಲ್ಲಿ ಹಲ್ಲುಗಾಲಿಗಳು ಒಂದನ್ನೊಂದು ತಳ್ಳುತ್ತ ತಿರುಗುವುದನ್ನು ಅವನು ಗಂಟೆಗಟ್ಟಲೆ ನೋಡುತ್ತ ಕೂರುತ್ತಿದ್ದನು.

ಮಗನು ತನ್ನಂತೆ ಕಣ್ಣು ಕಿರಿದುಮಾಡಿಕೊಂಡು ದುಡಿಯುವುದು ತಂದೆಗೆ ಬೇಕಿರಲಿಲ್ಲ. ಅವನು ವಕೀಲನಾಗಬೇಕು, ನಾಲ್ಕು ಜನರಲ್ಲಿ ಗೌರವದಿಂದ ಬಾಳಬೇಕು ಎಂಬುದು ಆ ಹಿರಿಯನ ಆಸೆ. ಹನ್ನೊಂದನೆಯ ವಯಸ್ಸಿನಲ್ಲಿ ಹುಡುಗನನ್ನು ಓರ್ಲಿಯನ್ಸ್ ನಗರದ ವಿದ್ಯಾಶಾಲೆಗೆ ಕಳುಹಿಸಿದನು. ಹದಿನೆಂಟರಲ್ಲಿ ವಿದ್ಯೆ ಮುಗಿಸಿ ಬಂದ ರಾಬರ್ಟ್ ದಸ್ತಾವೇಜುಗಳನ್ನು ಬರೆಯುವ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿದನು. ಆದರೆ ಆ ಕಚೇರಿಯ ಕಾಗದಪತ್ರಗಳಿಗಿಂತ ಅಲ್ಲಿದ್ದ ದೊಡ್ಡ ಪಂಜರದ ಕ್ಯಾನರಿ ಹಕ್ಕಿಗಳ ಮೇಲೆ ಅವನಿಗೆ ಹೆಚ್ಚು ಗಮನ. ಹಕ್ಕಿಗಳಿಗೆಂದು ಅವನು ಪಂಜರದೊಳಗೆ ಬಗೆಬಗೆಯ ಪುಟ್ಟ ಯಂತ್ರಗಳನ್ನು ಅಳವಡಿಸಿದನು. ಈ ಯುವಕನಿಂದ ದಸ್ತಾವೇಜು ಬರೆಸುವುದು ವ್ಯರ್ಥವೆಂದು ಕಚೇರಿಯ ಯಜಮಾನನೇ ತಂದೆಗೆ ತಿಳಿಯಹೇಳಿದನು. ಕೊನೆಗೆ ತಂದೆ ಸೋತನು. ಮಗನು ತನ್ನ ದಾಯಾದಿಯೊಬ್ಬನ ಬಳಿ ಗಡಿಯಾರದ ಕೆಲಸ ಕಲಿಯಲು ನಿಂತನು.

ಆಗ ನಡೆದ ಸಣ್ಣದೊಂದು ತಪ್ಪು ಅವನ ಬಾಳಿನ ದಾರಿಯನ್ನೇ ಬದಲಿಸಿತು. ಗಡಿಯಾರ ನಿರ್ಮಾಣವನ್ನು ಕುರಿತು ಬೆರ್ತೂ ಎಂಬ ವಿದ್ವಾಂಸನು ಬರೆದ ಎರಡು ಸಂಪುಟಗಳ ಗ್ರಂಥವನ್ನು ಕೊಳ್ಳಬೇಕೆಂದು ರಾಬರ್ಟ್ ಹಣ ಕೂಡಿಸಿಟ್ಟಿದ್ದನು. ಒಂದು ಸಂಜೆ ಅಂಗಡಿಗೆ ಹೋಗಿ ಪುಸ್ತಕವನ್ನು ಕೇಳಿದನು. ವ್ಯಾಪಾರಿ ಅವಸರದಲ್ಲಿ ಎರಡು ಸಂಪುಟಗಳನ್ನು ತೆಗೆದು ಕೊಟ್ಟನು. ಮನೆಗೆ ಬಂದು ದೀಪದ ಬೆಳಕಿನಲ್ಲಿ ಬಿಚ್ಚಿ ನೋಡಿದರೆ ಅದರಲ್ಲಿ ಗಡಿಯಾರದ ಮಾತೇ ಇಲ್ಲ! ಇಸ್ಪೀಟು ಎಲೆಗಳನ್ನು ಗುರುತಿಸುವುದು, ನಾಣ್ಯವನ್ನು ಮಾಯಮಾಡುವುದು, ಪರರ ಮನಸ್ಸಿನಲ್ಲಿರುವುದನ್ನು ಹೇಳುವುದು - ಇಂಥ ಇಂದ್ರಜಾಲದ ಸಂಗತಿಗಳೇ ಅದರಲ್ಲಿ ತುಂಬಿದ್ದವು. ಬೇರೊಬ್ಬನಾಗಿದ್ದರೆ ಮರುದಿನ ಬೆಳಗ್ಗೆ ಪುಸ್ತಕವನ್ನು ಹಿಂದಿರುಗಿಸಿ ಬರುತ್ತಿದ್ದನು. ರಾಬರ್ಟನು ದೀಪ ಆರುವವರೆಗೂ ಓದಿದನು.

ಆದರೆ ಪುಸ್ತಕವು ಗುಟ್ಟನ್ನು ಹೇಳುತ್ತಿತ್ತೇ ಹೊರತು ಅದನ್ನು ಕೈಗೆ ತರುವ ಬಗೆಯನ್ನು ಹೇಳುತ್ತಿರಲಿಲ್ಲ. ನಾಣ್ಯವನ್ನು ಅಂಗೈಯ ಮಡಿಕೆಯಲ್ಲಿ ಅಡಗಿಸಬೇಕು ಎಂದು ತಿಳಿಯುವುದಕ್ಕೆ ಒಂದು ನಿಮಿಷ ಸಾಕು. ಅಂಗೈಯಲ್ಲಿ ನಾಣ್ಯವಿರುವಾಗಲೂ ಬೆರಳುಗಳು ಬರಿಗೈಯ ಬೆರಳುಗಳಂತೆ ಸಡಿಲವಾಗಿ ಆಡುವುದಕ್ಕೆ ತಿಂಗಳುಗಳೇ ಬೇಕು. ಆ ಊರಿನಲ್ಲಿ ಕಾಲಿನ ಆಣಿಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಒಬ್ಬನು ಚೆಂಡುಗಳನ್ನು ಗಾಳಿಯಲ್ಲಿ ಎಸೆದು ಹಿಡಿಯುವ ಆಟದಲ್ಲಿ ನಿಪುಣನಾಗಿದ್ದನು. ರಾಬರ್ಟನು ಅವನಿಗೆ ಹಣ ಕೊಟ್ಟು ಪಾಠ ಹೇಳಿಸಿಕೊಂಡನು. ಸ್ವಲ್ಪ ಕಾಲದಲ್ಲಿಯೇ ನಾಲ್ಕು ಚೆಂಡುಗಳನ್ನು ಆಡಿಸುತ್ತ, ಎದುರಿಗೆ ತೆರೆದಿಟ್ಟ ಪುಸ್ತಕವನ್ನು ತಡೆಯಿಲ್ಲದೆ ಓದುವಷ್ಟು ಸಾಧನೆ ಅವನಿಗಾಯಿತು. ಕಣ್ಣು ಒಂದು ಕೆಲಸದಲ್ಲಿ, ಕೈ ಇನ್ನೊಂದು ಕೆಲಸದಲ್ಲಿ ತೊಡಗಿರುವ ಈ ಅಭ್ಯಾಸವು ಐಂದ್ರಜಾಲಿಕನಿಗೆ ಅಡಿಪಾಯವಿದ್ದಂತೆ. ಬೀದಿಯಲ್ಲಿ ನಡೆಯುವಾಗ ಅವನ ಕೈಗಳು ಕೋಟಿನ ಜೇಬುಗಳೊಳಗೆ ಎಲೆಗಳನ್ನೂ ನಾಣ್ಯಗಳನ್ನೂ ತಿರುವುತ್ತಿದ್ದವು. ಊಟಕ್ಕೆ ಕುಳಿತಾಗ ಒಂದು ಕೈ ಚಮಚವನ್ನು ಹಿಡಿದಿದ್ದರೆ ಮತ್ತೊಂದು ಕೈ ಮೇಜಿನ ಕೆಳಗೆ ಸಾಧನೆಯಲ್ಲಿ ತೊಡಗಿರುತ್ತಿತ್ತು.

ಈ ಸಂಗತಿಗಳೆಲ್ಲ ಅವನ ಆತ್ಮಕಥೆಯಿಂದ ತಿಳಿದುಬಂದವು. ಆ ಗ್ರಂಥವು ಬಹು ಸ್ವಾರಸ್ಯವಾದುದು. ಆದರೆ ಅದರಲ್ಲಿ ಬರುವುದೆಲ್ಲವನ್ನೂ ನಂಬುವಂತಿಲ್ಲ. ತೊರಿನಿ ಎಂಬ ಸಂಚಾರಿ ಐಂದ್ರಜಾಲಿಕನು ತನಗೆ ಗುರುವಾಗಿದ್ದನೆಂದು ಅವನು ಅದರಲ್ಲಿ ದೀರ್ಘವಾಗಿ ಬರೆದಿದ್ದಾನೆ. ಮುಂದೆ ಸಂಶೋಧಕರು ಎಷ್ಟು ಹುಡುಕಿದರೂ ಅಂಥ ವ್ಯಕ್ತಿಯೊಬ್ಬನು ಇದ್ದನೆಂಬುದಕ್ಕೆ ಆಧಾರ ದೊರೆಯಲಿಲ್ಲ. ವೇದಿಕೆಯ ಮೇಲೆ ಕಣ್ಣು ಕಟ್ಟುತ್ತಿದ್ದವನು ಬರಹದಲ್ಲಿಯೂ ಒಮ್ಮೊಮ್ಮೆ ಆ ಚಾಳಿಯನ್ನು ಬಿಡಲಿಲ್ಲವೆಂದು ತೋರುತ್ತದೆ.

1830ರಲ್ಲಿ ರಾಬರ್ಟನು ಪ್ಯಾರಿಸ್ ನಗರದ ಗಡಿಯಾರ ತಯಾರಕ ಹೂಡಿನ್ ಎಂಬವನ ಮಗಳನ್ನು ವಿವಾಹವಾದನು. ಹೆಂಡತಿಯ ಮನೆತನದ ಹೆಸರನ್ನು ತನ್ನ ಹೆಸರಿಗೆ ಸೇರಿಸಿಕೊಂಡು ರಾಬರ್ಟ್ ಹೂಡಿನ್ ಎನಿಸಿಕೊಂಡನು. ಪ್ಯಾರಿಸಿನಲ್ಲಿ ಹಗಲೆಲ್ಲ ಗಡಿಯಾರದ ಕೆಲಸ. ಬಿಡುವು ದೊರೆತಾಗ ಐಂದ್ರಜಾಲಿಕರು ಕೂಡುತ್ತಿದ್ದ ಅಂಗಡಿಯಲ್ಲಿ ಅವರೊಡನೆ ಮಾತುಕತೆ. ಈ ಕಾಲದಲ್ಲಿ ಅವನು ನಿರ್ಮಿಸಿದ ಒಂದು ಗಡಿಯಾರ ಎಲ್ಲರನ್ನೂ ಬೆರಗುಗೊಳಿಸಿತು. ಅದರ ಮುಖವು ಆಚೆಯ ಗೋಡೆ ಕಾಣುವಂತಹ ತಿಳಿಯಾದ ಗಾಜಿನದು. ಹಿಂದೆ ಯಂತ್ರವಿಲ್ಲ, ಸ್ಪ್ರಿಂಗಿಲ್ಲ. ಆದರೂ ಮುಳ್ಳು ತಪ್ಪದೆ ತಿರುಗುತ್ತಿತ್ತು. ಒಂದೇ ಎಂದು ಕಾಣುತ್ತಿದ್ದ ಆ ಗಾಜು ವಾಸ್ತವವಾಗಿ ಒಂದರ ಹಿಂದೊಂದು ಇಟ್ಟ ಬಿಲ್ಲೆಗಳು. ಮುಳ್ಳನ್ನು ಹೊತ್ತ ಬಿಲ್ಲೆಯೇ ತಿರುಗುತ್ತಿತ್ತು. ಅದನ್ನು ತಿರುಗಿಸುವ ಯಂತ್ರವು ಪೀಠದೊಳಗೆ ಅಡಗಿತ್ತು. ನೋಡುವವರು ಮುಳ್ಳನ್ನು ತಿರುಗಿಸುವ ಶಕ್ತಿಯನ್ನು ಹುಡುಕುತ್ತಿದ್ದರೇ ಹೊರತು ಗಾಜಿನ ಕಡೆಗೆ ಅವರ ಗಮನ ಹರಿಯುತ್ತಿರಲಿಲ್ಲ. ಕುಳಿತು ಬರೆಯುವ, ಚಿತ್ರ ಬಿಡಿಸುವ ಯಂತ್ರಮಾನವನನ್ನೂ ಅವನು ನಿರ್ಮಿಸಿದನು. 1844ರಲ್ಲಿ ಪ್ಯಾರಿಸಿನ ವಸ್ತುಪ್ರದರ್ಶನದಲ್ಲಿ ಫ್ರಾನ್ಸಿನ ದೊರೆಯೇ ಅದನ್ನು ನೋಡಿ ಮೆಚ್ಚಿದನು.

ಹೊರಗೆ ಹೆಸರು ಬರುತ್ತಿದ್ದರೂ ಮನೆಯಲ್ಲಿ ದುಃಖವು ತುಂಬಿತ್ತು. ಹುಟ್ಟಿದ ಎಂಟು ಮಕ್ಕಳಲ್ಲಿ ಉಳಿದವರು ಮೂವರು ಮಾತ್ರ. 1843ರಲ್ಲಿ ಹೆಂಡತಿಯೂ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡಳು. ಮರುವರ್ಷ ಅವನು ಮತ್ತೆ ವಿವಾಹವಾದನು. ಸ್ವಂತದ ರಂಗಮಂದಿರವನ್ನು ಕಟ್ಟಬೇಕೆಂಬ ಬಯಕೆ ಬಹುಕಾಲದಿಂದ ಇದ್ದರೂ ಅದಕ್ಕೆ ಬೇಕಾದ ಹಣ ಕೈಯಲ್ಲಿರಲಿಲ್ಲ. ಆಗ ಒದಗಿಬಂದ ಸಹಾಯವೂ ವಿಚಿತ್ರವಾದುದೇ. ಅವನ ಕಲೆಯನ್ನು ಮೆಚ್ಚಿದ್ದ ಶ್ರೀಮಂತನೊಬ್ಬನ ಮನೆಯಲ್ಲಿ ಪದೇಪದೇ ಕಳ್ಳತನವಾಗುತ್ತಿತ್ತು. ಹೂಡಿನನು ಹಣದ ಮೇಜಿಗೆ ಒಂದು ಯಂತ್ರವನ್ನು ಜೋಡಿಸಿದನು. ಅನ್ಯರು ಅದನ್ನು ತೆರೆದೊಡನೆ ಪಿಸ್ತೂಲು ಸಿಡಿಯುವಂತೆಯೂ ಉಗುರಿನಂತಹ ಮೊನೆಗಳು ಕೈಯನ್ನು ಗೀರುವಂತೆಯೂ ಅದು ರಚಿತವಾಗಿತ್ತು. ಸಿಕ್ಕಿಬಿದ್ದವನು ಮನೆಯ ಸೇವಕನೇ. ಅವನಿಂದ ಮರಳಿ ಬಂದ ಹದಿನೈದು ಸಾವಿರ ಫ್ರಾಂಕುಗಳನ್ನು ಆ ಶ್ರೀಮಂತನು ಹೂಡಿನನಿಗೆ ರಂಗಮಂದಿರಕ್ಕೆಂದು ಸಾಲವಾಗಿ ಕೊಟ್ಟನು.

1845ರ ಜುಲೈ 3ರಂದು ಪ್ಯಾರಿಸಿನ ಪಲೇ ರೊಯಾಲ್ ಕಟ್ಟಡದ ಮಹಡಿಯಲ್ಲಿ ಸುಮಾರು 200 ಆಸನಗಳ ಪುಟ್ಟ ರಂಗಮಂದಿರ ತೆರೆಯಿತು. ಅಂದು ಪ್ರೇಕ್ಷಕರು ಕಂಡ ವೇದಿಕೆ ಅವರಿಗೆ ಹೊಸದಾಗಿತ್ತು. ಅದುವರೆಗಿನ ಐಂದ್ರಜಾಲಿಕರಲ್ಲಿ ಅನೇಕರು ನಕ್ಷತ್ರಗಳ ಚಿತ್ರವಿದ್ದ ಉದ್ದನೆಯ ನಿಲುವಂಗಿಯನ್ನೂ ಮೊನಚಾದ ಟೊಪ್ಪಿಗೆಯನ್ನೂ ಧರಿಸಿ ಮಂತ್ರವಾದಿಗಳಂತೆ ಕಾಣಿಸಿಕೊಳ್ಳುತ್ತಿದ್ದರು. ವೇದಿಕೆಯ ತುಂಬ ಮೇಣದ ಬತ್ತಿಗಳು, ತಗಡಿನ ಡಬ್ಬಿಗಳು. ಮೇಜುಗಳ ಮೇಲೆ ನೆಲಮುಟ್ಟುವ ಬಟ್ಟೆಗಳು. ಆ ಬಟ್ಟೆಯ ಹಿಂದೆ ಸಹಾಯಕನೊಬ್ಬನು ಕುಳಿತಿದ್ದಾನೆಂಬುದನ್ನು ಮಕ್ಕಳೂ ಊಹಿಸಬಹುದಾಗಿತ್ತು. ಹೂಡಿನನು ಇವನ್ನೆಲ್ಲ ತೆಗೆದುಹಾಕಿದನು. ಅವನ ವೇದಿಕೆಯು ಸಭ್ಯ ಗೃಹಸ್ಥನೊಬ್ಬನ ಮನೆಯ ನಡುಮನೆಯಂತಿತ್ತು. ಮೇಜುಗಳ ಕಾಲುಗಳು ಎಲ್ಲರಿಗೂ ಕಾಣುತ್ತಿದ್ದವು. ಅಂದಿನ ಗೃಹಸ್ಥರು ಔತಣಕ್ಕೆ ಧರಿಸುತ್ತಿದ್ದ ಕರಿಯ ಕೋಟನ್ನೇ ಅವನೂ ಧರಿಸಿ ಬಂದನು.

ಇದು ಬರಿಯ ವೇಷದ ಬದಲಾವಣೆಯಾಗಿರಲಿಲ್ಲ. ಮಂತ್ರವಾದಿಯ ವೇಷ ಹಾಕಿದವನು ತನಗೆ ಅತಿಮಾನುಷ ಶಕ್ತಿಯಿದೆಯೆಂದು ನಟಿಸುತ್ತಾನೆ. ನೆರೆಮನೆಯವನಂತೆ ಬಂದು ನಿಂತವನಾದರೋ, ತಾನೂ ನಿಮ್ಮಂತಹ ಮನುಷ್ಯನೇ, ಈಗ ನಿಮ್ಮ ಕಣ್ಣನ್ನು ವಂಚಿಸಲಿದ್ದೇನೆ, ಸಾಧ್ಯವಾದರೆ ಕಂಡುಹಿಡಿಯಿರಿ ಎಂದು ಮುಂಚಿತವಾಗಿಯೇ ತಿಳಿಸಿದಂತಾಯಿತು. ಬರಿದಾದ ವೇದಿಕೆಯಿಂದ ಇನ್ನೊಂದು ಲಾಭವೂ ಇತ್ತು. ಎಲ್ಲವೂ ತೆರೆದಿರುವಲ್ಲಿ ಜನರು ಅಡಗಿಸಿದುದನ್ನು ಹುಡುಕುವುದಿಲ್ಲ. ಮೇಜಿನ ಹಿಂಬದಿಗೆ, ಪ್ರೇಕ್ಷಕರಿಗೆ ಕಾಣದಂತೆ ಒಂದು ಸಣ್ಣ ಹಲಗೆಯಿರುತ್ತಿತ್ತು. ಕೋಟಿನ ಬಾಲದಲ್ಲಿ ಕೈಗೆ ಎಟುಕುವಂತೆ ಗುಪ್ತವಾದ ಜೇಬುಗಳಿರುತ್ತಿದ್ದವು. ಬಲಗೈ ಒಂದು ವಸ್ತುವನ್ನು ಎತ್ತಿ ತೋರಿಸುವಾಗ, ಕಣ್ಣುಗಳೂ ಮಾತೂ ಆ ಕೈಯನ್ನೇ ಹಿಂಬಾಲಿಸುವಾಗ, ಎಡಗೈ ಸದ್ದಿಲ್ಲದೆ ತನ್ನ ಕೆಲಸವನ್ನು ಮುಗಿಸುತ್ತಿತ್ತು. ಐಂದ್ರಜಾಲಿಕನು ನೋಡಿದೆಡೆಯಲ್ಲಿಯೇ ಪ್ರೇಕ್ಷಕನೂ ನೋಡುತ್ತಾನೆ. ಈ ವಿದ್ಯೆಯ ಅರ್ಧಭಾಗ ಇಷ್ಟೇ.

ಮೊದಲ ರಾತ್ರಿಯ ಪ್ರದರ್ಶನ ಚೆನ್ನಾಗಿ ನಡೆಯಲಿಲ್ಲ. ವೇದಿಕೆಯ ಭಯದಿಂದ ಅವನು ಅವಸರವಾಗಿ, ಏಕಸ್ವರದಲ್ಲಿ ಮಾತನಾಡಿದನು. ಮನನೊಂದು ರಂಗಮಂದಿರವನ್ನು ಮುಚ್ಚಿಬಿಡಬೇಕೆಂದೇ ಯೋಚಿಸಿದನು. ಸ್ನೇಹಿತನೊಬ್ಬನು ಬಂದು, ಹಾಗೆ ಮಾಡುವುದೇ ಸರಿಯೆಂದು ತಾನೂ ದನಿಗೂಡಿಸಿದನಂತೆ! ಆ ಒಪ್ಪಿಗೆಯೇ ಚುಚ್ಚಿದಂತಾಗಿ, ಹೂಡಿನನು ಮತ್ತೆ ವೇದಿಕೆಯನ್ನೇರಿದನು.

ಅವನ ಪ್ರದರ್ಶನಗಳಲ್ಲಿ ಕಿತ್ತಳೆಯ ಗಿಡದ ಆಟವು ಬಹಳ ಹೆಸರಾಯಿತು. ಪ್ರೇಕ್ಷಕರಲ್ಲಿ ಒಬ್ಬ ಮಹಿಳೆಯಿಂದ ಕರವಸ್ತ್ರವನ್ನು ಪಡೆದು ಅವನು ಮಾಯಮಾಡುವನು. ಮೇಜಿನ ಮೇಲೆ ಎಲೆಗಳು ಮಾತ್ರವಿರುವ ಒಂದು ಪುಟ್ಟ ಗಿಡ. ನೋಡನೋಡುತ್ತಿದ್ದಂತೆ ಅದು ಹೂ ಬಿಡುವುದು. ಹೂಗಳು ಮರೆಯಾಗಿ ಹಣ್ಣುಗಳು ಕಾಣಿಸುವುವು. ಹೂಡಿನನು ಆ ಹಣ್ಣುಗಳನ್ನು ಕಿತ್ತು ಪ್ರೇಕ್ಷಕರತ್ತ ಎಸೆಯುವನು. ಅವರು ಸುಲಿದು ತಿಂದು ನೋಡಿದರೆ ನಿಜವಾದ ಕಿತ್ತಳೆಗಳೇ. ಗಿಡದಲ್ಲಿ ಉಳಿದ ಕೊನೆಯ ಹಣ್ಣು ತಾನಾಗಿ ನಾಲ್ಕು ಭಾಗವಾಗಿ ಬಿರಿಯುವುದು. ಒಳಗಿನಿಂದ ಎರಡು ಚಿಟ್ಟೆಗಳು ಮಹಿಳೆಯ ಕರವಸ್ತ್ರವನ್ನು ಎತ್ತಿಕೊಂಡು ಮೇಲೇಳುವುವು! ಆ ಗಿಡವು ಗಡಿಯಾರ ತಯಾರಕನ ಕೈಕೆಲಸ. ಟೊಳ್ಳಾದ ಕೊಂಬೆಗಳ ಮೂಲಕ ಒಳಗಿನಿಂದ ತಳ್ಳಲ್ಪಟ್ಟ ರೇಷ್ಮೆಯ ಹೂಗಳು ಹೊರಗೆ ಅರಳುತ್ತಿದ್ದವು. ನಿಜವಾದ ಹಣ್ಣುಗಳನ್ನು ಮೊದಲೇ ಮೊನೆಗಳಿಗೆ ಚುಚ್ಚಿ ಎಲೆಗಳ ಮರೆಯಲ್ಲಿ ಇಟ್ಟಿರುತ್ತಿದ್ದರು. ಮರೆ ಸರಿದೊಡನೆ ಅವು ಆಗತಾನೆ ಮೂಡಿದಂತೆ ಕಾಣುತ್ತಿದ್ದವು. ಬಿರಿಯುವ ಹಣ್ಣೊಂದು ಮಾತ್ರ ಯಂತ್ರ. ಪ್ರೇಕ್ಷಕನು ತನ್ನ ನಾಲಗೆಯಿಂದಲೇ ಪರೀಕ್ಷಿಸಿದ ಮೇಲೆ ಆ ಕೊನೆಯ ಹಣ್ಣನ್ನು ಶಂಕಿಸುವುದಾದರೂ ಹೇಗೆ?

1846ರ ಫೆಬ್ರವರಿಯಲ್ಲಿ ಅವನು ತನ್ನ ಮಗ ಎಮಿಲ್‌ನೊಡನೆ ಮತ್ತೊಂದು ಆಟವನ್ನು ಆರಂಭಿಸಿದನು. ಬಾಲಕನ ಕಣ್ಣಿಗೆ ಬಟ್ಟೆ ಕಟ್ಟಿ ವೇದಿಕೆಯ ಮೇಲೆ ಕೂರಿಸುತ್ತಿದ್ದರು. ತಂದೆಯು ಪ್ರೇಕ್ಷಕರ ನಡುವೆ ನಡೆದು, ಅವರು ಕೊಟ್ಟ ವಸ್ತುವನ್ನು ಕೈಯಲ್ಲಿ ಹಿಡಿದು ಇದೇನೆಂದು ಕೇಳುವನು. ಬಾಲಕನು ಗಡಿಯಾರವೆಂದೋ ನಶ್ಯದ ಡಬ್ಬಿಯೆಂದೋ ಹೇಳುವುದಲ್ಲದೆ, ಅದರ ಬಣ್ಣ, ಲೋಹ, ಅದರ ಮೇಲಿನ ಅಕ್ಷರಗಳನ್ನೂ ವಿವರಿಸುವನು. ಇದರ ಗುಟ್ಟು ಪ್ರಶ್ನೆಯಲ್ಲಿಯೇ ಇತ್ತು. ತಂದೆಮಕ್ಕಳು ತಮ್ಮೊಳಗೆ ಒಂದು ಸಂಕೇತಭಾಷೆಯನ್ನು ಕಟ್ಟಿಕೊಂಡಿದ್ದರು. ಪ್ರಶ್ನೆಯ ಪದಗಳನ್ನು ಬದಲಿಸಿದಂತೆ ಉತ್ತರವೂ ಬದಲಾಗುತ್ತಿತ್ತು. ಆದರೆ ಸಂಕೇತವೊಂದರಿಂದಲೇ ಕಾರ್ಯ ಸಾಗುವಂತಿರಲಿಲ್ಲ. ಇಬ್ಬರೂ ತಮ್ಮ ನೆನಪನ್ನು ಹರಿತಗೊಳಿಸಲು ಪ್ಯಾರಿಸಿನ ಬೀದಿಗಳಲ್ಲಿ ಅಡ್ಡಾಡುತ್ತಿದ್ದರು. ಆಟಿಕೆಗಳ ಅಂಗಡಿಯ ಮುಂದೆ ನಡೆದುಹೋಗುತ್ತ ಒಂದೇ ಒಂದು ನೋಟವನ್ನು ಬೀರುವುದು. ಅನಂತರ ಕಾಗದ ತೆಗೆದು ಕಂಡ ವಸ್ತುಗಳನ್ನೆಲ್ಲ ಬರೆಯುವುದು. ಯಾರ ಪಟ್ಟಿ ಉದ್ದವೆಂದು ಹೋಲಿಸುವುದು. ಈ ಸ್ಪರ್ಧೆಯಲ್ಲಿ ತಂದೆಯು ಸಾಮಾನ್ಯವಾಗಿ ಮಗನಿಗೆ ಸೋಲುತ್ತಿದ್ದನು. ಗುಟ್ಟು ಪ್ರಶ್ನೆಯಲ್ಲಿರಬೇಕೆಂದು ಕೆಲವರು ಶಂಕಿಸತೊಡಗಿದಾಗ ಹೂಡಿನನು ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿ ಒಂದು ಗಂಟೆಯನ್ನು ಮಾತ್ರ ಬಾರಿಸತೊಡಗಿದನು. ಬಾಲಕನು ಆಗಲೂ ತಪ್ಪದೆ ಹೇಳುತ್ತಿದ್ದನು. ಶಂಕಿಸಿದ್ದವರು ಬೆಪ್ಪಾದರು.

ಇದೇ ವೇಳೆಗೆ ಶಸ್ತ್ರಚಿಕಿತ್ಸೆಯಲ್ಲಿ ಈಥರ್ ಎಂಬ ದ್ರವ್ಯವನ್ನು ಬಳಸುವ ಕ್ರಮ ಬಂದಿತು. ಅದನ್ನು ಮೂಸಿದ ರೋಗಿಗೆ ನೋವು ತಿಳಿಯುವುದಿಲ್ಲವೆಂಬ ಸುದ್ದಿಯಿಂದ ಯೂರೋಪೆಲ್ಲ ಬೆರಗಾಗಿತ್ತು. ಹೂಡಿನನು ಈ ಬೆರಗನ್ನು ತನ್ನ ಕಲೆಗೆ ಬಳಸಿಕೊಂಡನು. ಈಥರಿಗೆ ಮನುಷ್ಯನ ದೇಹವನ್ನು ಹಗುರಗೊಳಿಸುವ ಇನ್ನೊಂದು ಗುಣವೂ ಇದೆಯೆಂದು ಗಂಭೀರವಾಗಿ ಉಪನ್ಯಾಸ ಮಾಡಿ, 1847ರಲ್ಲಿ ತನ್ನ ಕಿರಿಯ ಮಗನನ್ನು ವೇದಿಕೆಗೆ ತಂದನು. ಬಾಲಕನು ಪೀಠದ ಮೇಲೆ ನಿಂತು ಎರಡು ಕೋಲುಗಳ ಮೇಲೆ ತೋಳೂರುತ್ತಿದ್ದನು. ಬರಿದಾದ ಸೀಸೆಯನ್ನು ಮೂಗಿಗೆ ಹಿಡಿದೊಡನೆ ಅವನು ನಿದ್ದೆಹೋದಂತೆ ತಲೆ ಬಾಗಿಸುವನು. ಅದೇ ಹೊತ್ತಿಗೆ ಪರದೆಯ ಹಿಂದೆ ಸಹಾಯಕನು ಕಾದ ಕಬ್ಬಿಣದ ಮೇಲೆ ಈಥರನ್ನು ಸುರಿಯುವನು. ಅದರ ವಾಸನೆ ಸಭೆಯಲ್ಲೆಲ್ಲ ಹರಡುವುದು. ಹೂಡಿನನು ಪೀಠವನ್ನು ತೆಗೆಯುವನು, ಒಂದು ಕೋಲನ್ನೂ ತೆಗೆಯುವನು. ಬಾಲಕನನ್ನು ಒಂದೇ ಬೆರಳಿನಿಂದ ಮೇಲೆತ್ತಿ ಗಾಳಿಯಲ್ಲಿ ಅಡ್ಡಲಾಗಿ ಮಲಗಿಸುವನು. ಮೊಣಕೈ ಮಾತ್ರ ಒಂದು ಕೋಲನ್ನು ಮುಟ್ಟಿರುವುದು. ಬಾಲಕನ ಉಡುಪಿನ ಒಳಗೆ ಕಬ್ಬಿಣದ ಕವಚವಿತ್ತು; ಮೊಣಕೈಯ ಬಳಿ ಅದರ ಕೊಂಡಿಯು ಭದ್ರವಾಗಿ ನೆಟ್ಟ ಉಕ್ಕಿನ ಕೋಲಿಗೆ ಸಿಕ್ಕಿಕೊಳ್ಳುತ್ತಿತ್ತು. ಇದಕ್ಕೆ ಸುಮಾರು ಹದಿನೈದು ವರ್ಷಗಳ ಹಿಂದೆಯೇ ಮದ್ರಾಸಿನಲ್ಲಿ ಒಬ್ಬ ಗಾರುಡಿಗನು ಒಂದು ದಂಡದ ಮೇಲೆ ಕೈಯಿಟ್ಟು ಗಾಳಿಯಲ್ಲಿ ಕುಳಿತು ತೋರಿಸಿ ಇಂಗ್ಲಿಷರನ್ನು ಬೆರಗುಗೊಳಿಸಿದ್ದನು. ಎರಡರ ತತ್ತ್ವವೂ ಒಂದೇ.

ಪ್ಯಾರಿಸಿನ ಜನ ವಿದ್ಯಾವಂತರು, ನಾಗರಿಕರು. ಆದರೂ ಈಥರಿನ ವಾಸನೆ ಮೂಗಿಗೆ ಬಂದಾಗ ಅವರ ವಿವೇಕವೂ ಮಂಕಾಯಿತು. ಎಳೆಯ ಮಗುವಿಗೆ ಪ್ರತಿರಾತ್ರಿ ವಿಷದ್ರವ್ಯವನ್ನು ಮೂಸಿಸುತ್ತಿರುವ ಕ್ರೂರ ತಂದೆಯೆಂದು ಕೆಲವರು ಅವನಿಗೆ ಕಾಗದ ಬರೆದು ಖಂಡಿಸಿದರು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಆಫ್ರಿಕದಲ್ಲಿ ನಡೆದುದನ್ನು ವಿಚಾರ ಮಾಡುವಾಗ ಇದು ಬೇಕಾಗುತ್ತದೆ.

1848ರಲ್ಲಿ ಪ್ಯಾರಿಸಿನಲ್ಲಿ ಕ್ರಾಂತಿಯಾಗಿ ದೊರೆಯು ಸಿಂಹಾಸನವನ್ನು ತೊರೆದನು. ರಂಗಮಂದಿರಗಳಿಗೆ ಜನ ಬರುವುದು ನಿಂತಿತು. ಹೂಡಿನನು ಲಂಡನ್ನಿಗೆ ಹೋಗಿ ಅಲ್ಲಿ ಕೀರ್ತಿಯನ್ನೂ ಹಣವನ್ನೂ ಗಳಿಸಿದನು. ವಿಕ್ಟೋರಿಯ ರಾಣಿಯ ಮುಂದೆಯೂ ಪ್ರದರ್ಶನವಿತ್ತನು. ಕೆಲವು ವರ್ಷಗಳ ಅನಂತರ ರಂಗಮಂದಿರವನ್ನು ಭಾವಮೈದುನನಿಗೆ ಒಪ್ಪಿಸಿ, ಬ್ಲ್ವಾ ಪಟ್ಟಣದ ಹತ್ತಿರ ಸೇಂಟ್ ಜರ್ವೆ ಎಂಬಲ್ಲಿ ಮನೆ ಮಾಡಿಕೊಂಡನು. ಆಗ ಅವನಿಗೆ ಇನ್ನೂ ಐವತ್ತು ತುಂಬಿರಲಿಲ್ಲ.

ಆದರೆ ಸರಕಾರವು ಅವನನ್ನು ಸುಮ್ಮನೆ ಇರಗೊಡಲಿಲ್ಲ. ಉತ್ತರ ಆಫ್ರಿಕದ ಅಲ್ಜೀರಿಯ ದೇಶಕ್ಕೆ ಫ್ರೆಂಚರು 1830ರಲ್ಲಿ ಸೈನ್ಯವನ್ನು ಇಳಿಸಿ ಅದನ್ನು ಆಕ್ರಮಿಸಿಕೊಂಡಿದ್ದರು. ಅಲ್ಲಿಯ ಜನರು ಮೇಲಿಂದ ಮೇಲೆ ಅವರನ್ನು ಎದುರಿಸಿ ಹೋರಾಡುತ್ತಿದ್ದರು. ಮರಾಬುತರೆಂಬ ಧರ್ಮಗುರುಗಳು ಪವಾಡಗಳನ್ನು ತೋರಿಸಿ ಜನರನ್ನು ದಂಗೆಗೆ ಹುರಿದುಂಬಿಸುತ್ತಿದ್ದಾರೆಂಬುದು ಫ್ರೆಂಚ್ ಅಧಿಕಾರಿಗಳ ಅಭಿಪ್ರಾಯವಾಗಿತ್ತು. ಅವರಿಗಿಂತ ದೊಡ್ಡ ಪವಾಡವನ್ನು ಫ್ರೆಂಚನೊಬ್ಬನು ತೋರಿಸಿದರೆ ಜನರ ಧೈರ್ಯವು ಕುಗ್ಗುವುದೆಂದು ಅವರು ಎಣಿಸಿದರು. ಹೂಡಿನನು ಮೊದಲು ಒಪ್ಪಲಿಲ್ಲ. ಒತ್ತಾಯ ಹೆಚ್ಚಿದ ಮೇಲೆ 1856ರಲ್ಲಿ ಹೊರಟನು. ನಮ್ಮ ದೇಶದಲ್ಲಿ 1857ರ ಮಹಾಬಂಡಾಯ ನಡೆಯುವುದಕ್ಕೆ ಒಂದು ವರ್ಷ ಮೊದಲಿನ ಮಾತು ಇದು.

ಆ ವರ್ಷದ ಅಕ್ಟೋಬರ್ ಕೊನೆಯಲ್ಲಿ ಅಲ್ಜೀರ್ಸ್ ನಗರದ ರಂಗಮಂದಿರದಲ್ಲಿ ಅರಬ್ಬರ ಮುಖಂಡರನ್ನು ಕರೆದು ಕೂರಿಸಲಾಯಿತು. ಹೂಡಿನನು ಒಂದು ಸಣ್ಣ ಪೆಟ್ಟಿಗೆಯನ್ನು ತಂದಿಟ್ಟನು. ಅದನ್ನು ಪ್ಯಾರಿಸಿನಲ್ಲಿಯೂ ಅವನು ಎಷ್ಟೋ ಬಾರಿ ತೋರಿಸಿದ್ದನು. ಒಮ್ಮೆ ಹಗುರವಾಗುವ, ಒಮ್ಮೆ ಭಾರವಾಗುವ ವಿನೋದದ ಪೆಟ್ಟಿಗೆಯದು. ಅಲ್ಜೀರ್ಸಿನಲ್ಲಿ ಮಾತು ಬದಲಾಯಿತು. ಬಲಿಷ್ಠನಾದ ಒಬ್ಬ ಅರಬ್ಬನು ಮುಂದೆ ಬಂದು ಪೆಟ್ಟಿಗೆಯನ್ನು ಸುಲಭವಾಗಿ ಎತ್ತಿ ಇಳಿಸಿದನು. ಈಗ ನಿನ್ನ ಶಕ್ತಿಯನ್ನೆಲ್ಲ ಕಸಿದುಕೊಂಡಿದ್ದೇನೆಂದು ಹೂಡಿನನು ಕೈಬೀಸಿ ಸಾರಿದನು. ಆ ಬಳಿಕ ಅರಬ್ಬನು ಎಷ್ಟು ಎಳೆದರೂ ಪೆಟ್ಟಿಗೆ ಕದಲಲಿಲ್ಲ. ಸೋಲೊಪ್ಪಲು ಮನಸ್ಸಿಲ್ಲದೆ ಮತ್ತೆ ಹಿಡಿಕೆಯನ್ನು ಹಿಡಿದಾಗ ಅವನ ಮೈಯೆಲ್ಲ ನಡುಗಿ, ಚೀರಿ, ಮೊಣಕಾಲೂರಿ ಬಿದ್ದನು. ಕೈ ಬಿಟ್ಟೊಡನೆ ಮುಖ ಮುಚ್ಚಿಕೊಂಡು ಹೊರಗೆ ಓಡಿಹೋದನು.

ಪೆಟ್ಟಿಗೆಯ ತಳದಲ್ಲಿ ಕಬ್ಬಿಣದ ತಟ್ಟೆಯಿತ್ತು; ವೇದಿಕೆಯ ಹಲಗೆಯ ಕೆಳಗೆ ಬಲವಾದ ವಿದ್ಯುತ್ಕಾಂತವಿತ್ತು. ಕಬ್ಬಿಣದ ಸುತ್ತ ಸುತ್ತಿದ ತಂತಿಯಲ್ಲಿ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗುತ್ತದೆ, ನಿಂತಾಗ ಆ ಗುಣವು ಹೋಗುತ್ತದೆ ಎಂಬುದನ್ನು ಇಂದು ಪ್ರೌಢಶಾಲೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಅಂದು ಪ್ಯಾರಿಸಿನಲ್ಲಿಯೂ ಅದನ್ನು ಬಲ್ಲವರು ಕೆಲವರೇ. ಸಹಾಯಕನು ಮರೆಯಲ್ಲಿ ನಿಂತು ಸನ್ನೆ ಕಂಡಾಗ ವಿದ್ಯುತ್ತನ್ನು ಹರಿಯಿಸುತ್ತಿದ್ದನು. ಕೊನೆಯಲ್ಲಿ ಹಿಡಿಕೆಗೇ ವಿದ್ಯುತ್ತನ್ನು ಹಾಯಿಸಿದರು. ಆ ಬಡಪಾಯಿಯ ಕೂಗು ಅದರ ಫಲ.

ಅಂದು ಹೂಡಿನನು ತನ್ನೆಡೆಗೆ ಹಾರಿಸಿದ ಗುಂಡನ್ನು ಕತ್ತಿಯ ತುದಿಯ ಸೇಬಿನಲ್ಲಿ ಹಿಡಿದು ತೋರಿಸಿದನು. ತರುಣನೊಬ್ಬನನ್ನು ಮೇಜಿನ ಮೇಲೆ ನಿಲ್ಲಿಸಿ, ಬಟ್ಟೆ ಮುಚ್ಚಿ ಮಾಯಮಾಡಿದನು. ಸಭೆಯಲ್ಲಿ ಅನೇಕರು ಹೆದರಿ ಬಾಗಿಲಿಗೆ ನುಗ್ಗಿದರೆಂದು ಅವನು ಬರೆದಿದ್ದಾನೆ. ನಗರದಿಂದ ದೂರದ ಒಳನಾಡಿನಲ್ಲಿ ಮತ್ತೊಂದು ಸಂದರ್ಭ ಬಂದಿತು. ಒಬ್ಬ ಮರಾಬುತನು ತನ್ನ ಸ್ವಂತ ಪಿಸ್ತೂಲುಗಳಿಂದ ಗುಂಡು ಹಾರಿಸುವುದಾಗಿ ಅವನಿಗೆ ಸವಾಲು ಹಾಕಿದನು. ಹೂಡಿನನು ಮರುದಿನ ಬೆಳಗಿನವರೆಗೆ ಅವಕಾಶ ಕೇಳಿ, ರಾತ್ರಿ ಕುಳಿತು ಮೇಣಕ್ಕೆ ಕಾಡಿಗೆಯನ್ನು ಬೆರೆಸಿ ಸೀಸದಂತೆ ತೋರುವ ಟೊಳ್ಳು ಗುಂಡುಗಳನ್ನು ಮಾಡಿದನು. ಅವುಗಳಲ್ಲಿ ಒಂದಕ್ಕೆ ತನ್ನದೇ ರಕ್ತವನ್ನು ತುಂಬಿದನು. ಬೆಳಗ್ಗೆ ಕೈಚಳಕದಿಂದ ನಿಜವಾದ ಗುಂಡುಗಳ ಬದಲು ಇವುಗಳನ್ನು ಪಿಸ್ತೂಲಿಗೆ ಹಾಕಿದನು. ಮರಾಬುತನು ಹಾರಿಸಿದ ಗುಂಡು ಅವನನ್ನು ಏನೂ ಮಾಡಲಿಲ್ಲ. ಅವನು ಗೋಡೆಗೆ ಹಾರಿಸಿದಾಗ ಗೋಡೆಯಿಂದ ರಕ್ತವು ಒಸರಿತು! ಧೈರ್ಯದ ಕೆಲಸವೆಂಬುದೇನೋ ನಿಜ. ಇದಕ್ಕೆಲ್ಲ ಮುಖ್ಯ ಆಧಾರ ಅವನ ಬರಹವೇ ಆದುದರಿಂದ, ಕೆಲವು ಅಂಶಗಳು ಅತಿಶಯೋಕ್ತಿಯಾಗಿರಬಹುದೆಂದು ಇತಿಹಾಸಕಾರರು ಭಾವಿಸುತ್ತಾರೆ.

ಪ್ರದರ್ಶನ ಮುಗಿದ ಮೇಲೆ, ಇವೆಲ್ಲ ಕೇವಲ ಚಾತುರ್ಯದ ಫಲವೇ ಹೊರತು ಮಂತ್ರಮಾಟಗಳಲ್ಲವೆಂದು ದುಭಾಷಿಗಳ ಮೂಲಕ ಜನರಿಗೆ ತಿಳಿಯಹೇಳಲಾಯಿತು. ಅರಬ್ ಮುಖಂಡರು ಅವನಿಗೆ ಸುಂದರವಾದ ಒಂದು ಪ್ರಶಂಸಾಪತ್ರವನ್ನೂ ಬರೆದುಕೊಟ್ಟರು. ಹೂಡಿನನು ಇದನ್ನು ತನ್ನ ಬಾಳಿನ ಬಹು ದೊಡ್ಡ ಗೆಲವೆಂದು ಎಣಿಸಿದನು. ಆ ಮಾತನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ. ಪ್ಯಾರಿಸಿನಲ್ಲಿ ಕರಿಯ ಕೋಟು ಧರಿಸಿ ನಿಂತಾಗ ಅವನಿಗೂ ಪ್ರೇಕ್ಷಕರಿಗೂ ನಡುವೆ ಒಂದು ಮೌನದ ಒಪ್ಪಂದವಿತ್ತು. ಇದು ಆಟವೆಂದು ಇಬ್ಬರಿಗೂ ತಿಳಿದಿತ್ತು. ಅಲ್ಜೀರ್ಸಿನಲ್ಲಿ ಆಟ ಮುಗಿದ ಮೇಲಷ್ಟೇ ಅದು ಆಟವೆಂದು ಹೇಳಲಾಯಿತು. ತಾನು ತೆಗೆದೆಸೆದಿದ್ದ ಮಂತ್ರವಾದಿಯ ನಿಲುವಂಗಿಯನ್ನು ಅವನು ಅಲ್ಲಿ ಮತ್ತೆ ತೊಟ್ಟಂತಾಯಿತು. ಅದೂ ತನ್ನ ನೆಲವನ್ನು ಕಳೆದುಕೊಂಡ ಜನರ ಮುಂದೆ. ಅವರು ಹೆದರಿದುದು ಅವಿವೇಕದಿಂದಲೆಂದು ಹೇಳುವುದೂ ಸಲ್ಲದು. ಈಥರಿನ ವಾಸನೆಗೆ ಮರುಳಾಗಿ ಕಾಗದ ಬರೆದ ಪ್ಯಾರಿಸಿನವರಿಗಿಂತ ಅವರೇನೂ ಕಡಮೆಯವರಲ್ಲ. ಇನ್ನು ಅಧಿಕಾರಿಗಳು ಬಯಸಿದ ಶಾಂತಿಯೂ ನೆಲೆಸಲಿಲ್ಲ. ಮರುವರ್ಷವೇ ಕಬೀಲಿಯ ಬೆಟ್ಟಗಳಲ್ಲಿ ಫ್ರೆಂಚರು ದೊಡ್ಡ ಯುದ್ಧವನ್ನು ನಡೆಸಬೇಕಾಯಿತು. 1871ರಲ್ಲಿ ಮೊಕ್ರಾನಿ ಎಂಬ ನಾಯಕನ ಮುಂದಾಳುತನದಲ್ಲಿ ಅಲ್ಜೀರಿಯದ ಜನರು ಮತ್ತೆ ಬಂಡೆದ್ದರು.

ಸ್ವದೇಶಕ್ಕೆ ಮರಳಿದ ಹೂಡಿನನು ಸೇಂಟ್ ಜರ್ವೆಯ ಮನೆಯಲ್ಲಿ ವಿದ್ಯುತ್ತಿನ ಪ್ರಯೋಗಗಳಲ್ಲಿ ಮುಳುಗಿದನು. ದೂರದ ಹೆಬ್ಬಾಗಿಲನ್ನು ಅತಿಥಿಯು ತಟ್ಟಿದರೆ ಮನೆಯೊಳಗೆ ಗಂಟೆ ಬಾರಿಸುತ್ತಿತ್ತು. ಒಳಗಿನಿಂದ ಗುಂಡಿಯೊತ್ತಿದರೆ ಬಾಗಿಲು ತೆರೆಯುತ್ತಿತ್ತು. ಅವನ ಕೊಠಡಿಯ ಗಡಿಯಾರವು ಗೊತ್ತಾದ ವೇಳೆಗೆ ಲಾಯದಲ್ಲಿ ಕುದುರೆಯ ಮುಂದೆ ಧಾನ್ಯವನ್ನು ಸುರಿಸುತ್ತಿತ್ತು. ಕಣ್ಣನ್ನು ಪರೀಕ್ಷಿಸುವ ಉಪಕರಣಗಳನ್ನೂ ಅವನು ರಚಿಸಿದನು. ಬಾಳೆಲ್ಲ ಕಣ್ಣನ್ನು ವಂಚಿಸಿದವನು ಕೊನೆಯಲ್ಲಿ ಕಣ್ಣಿನ ಸೇವೆಗೆ ನಿಂತದ್ದು ವಿಶೇಷವೇ. 1858ರಲ್ಲಿ ಆತ್ಮಕಥೆ ಪ್ರಕಟವಾಯಿತು. 1861ರಲ್ಲಿ ಜೂಜುಕೋರರು ಇಸ್ಪೀಟಿನಲ್ಲಿ ಮಾಡುವ ಮೋಸಗಳನ್ನು ಬಯಲಿಗೆಳೆಯುವ ಗ್ರಂಥವೂ, 1868ರಲ್ಲಿ ಇಂದ್ರಜಾಲದ ರಹಸ್ಯಗಳನ್ನು ಕುರಿತ ಗ್ರಂಥವೂ ಹೊರಬಂದವು. ಎಳೆತನದಲ್ಲಿ ಕೈಗೆ ಬಂದ ಪುಸ್ತಕದಲ್ಲಿ ತನಗೆ ದೊರೆಯದೆಹೋದ ಅಭ್ಯಾಸದ ಕ್ರಮವನ್ನು ಅವನು ಈ ಕೊನೆಯ ಗ್ರಂಥದಲ್ಲಿ ಮುಂದಿನವರಿಗಾಗಿ ಸಾವಧಾನವಾಗಿ ವಿವರಿಸಿದನು.

1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿಕೊಂಡಿತು. ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದ ಅವನ ಮಗ ಯೂಜೆನ್ ಆಗಸ್ಟ್ ತಿಂಗಳಲ್ಲಿ ವೋರ್ತ್ ಎಂಬಲ್ಲಿ ನಡೆದ ಕದನದಲ್ಲಿ ತೀವ್ರವಾಗಿ ಗಾಯಗೊಂಡು ಮಡಿದನು. ಶತ್ರುಸೈನ್ಯವು ಬ್ಲ್ವಾ ಪಟ್ಟಣವನ್ನು ಹಿಡಿದಾಗ ಹೂಡಿನನು ಮನೆಯವರೊಡನೆ ಸಮೀಪದ ಗುಹೆಯೊಂದರಲ್ಲಿ ಅಡಗಿರಬೇಕಾಯಿತು. ಪುತ್ರಶೋಕದಿಂದಲೂ ಯುದ್ಧದ ಕಷ್ಟಗಳಿಂದಲೂ ಕುಗ್ಗಿದ ಅವನು 1871ರ ಜೂನ್ 13ರಂದು ನ್ಯುಮೋನಿಯ ರೋಗದಿಂದ ತೀರಿಕೊಂಡನು. ಆಗ ಅವನಿಗೆ ಅರವತ್ತೈದು ವರ್ಷ.

ಅವನ ಹೆಸರಿನ ರಂಗಮಂದಿರವನ್ನು 1888ರಲ್ಲಿ ಜಾರ್ಜ್ ಮೆ­ಲಿಯೆ ಎಂಬ ತರುಣ ಐಂದ್ರಜಾಲಿಕನು ಕೊಂಡನು. ಮುಂದೆ ಚಲನಚಿತ್ರ ಕಲೆಯು ಕಣ್ಣು ಬಿಟ್ಟಾಗ, ಪರದೆಯ ಮೇಲೆ ಮನುಷ್ಯರನ್ನು ಮಾಯಮಾಡಿ, ಚಂದ್ರಲೋಕದ ಯಾತ್ರೆಯನ್ನು ತೋರಿಸಿದವನು ಇವನೇ. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಇನ್ನೊಬ್ಬ ಬಾಲಕನು ಹೂಡಿನನ ಆತ್ಮಕಥೆಯನ್ನು ಓದಿ ಮೈಮರೆತು, ಅವನ ಹೆಸರಿಗೆ ಒಂದು ಅಕ್ಷರವನ್ನು ಸೇರಿಸಿ ಹೂಡಿನಿ ಎಂಬ ಹೆಸರನ್ನು ತಾಳಿದನು. ಬೇಡಿ ಸರಪಳಿಗಳಿಂದ ಬಿಡಿಸಿಕೊಳ್ಳುವ ಆಟದಿಂದ ಜಗತ್ಪ್ರಸಿದ್ಧನಾದನು. ಆದರೆ 1908ರಲ್ಲಿ ಆ ಶಿಷ್ಯನೇ, ಗುರುವು ತನ್ನದೆಂದು ಹೇಳಿಕೊಂಡ ಆಟಗಳಲ್ಲಿ ಹಲವು ಹಿಂದಿನವರವೆಂದು ವಾದಿಸಿ ಒಂದು ಗ್ರಂಥವನ್ನು ಬರೆದನು. ಅದರಲ್ಲಿ ಕೆಲವು ಆಕ್ಷೇಪಗಳು ಸರಿಯಾದವು, ಕೆಲವು ಕೇವಲ ಕೋಪದವು.

ಬ್ಲ್ವಾ ಪಟ್ಟಣದಲ್ಲಿ ಅರಸರ ಅರಮನೆಯ ಎದುರಿಗೆ 1998ರಲ್ಲಿ ಹೂಡಿನನ ನೆನಪಿಗಾಗಿ ಇಂದ್ರಜಾಲದ ವಸ್ತುಸಂಗ್ರಹಾಲಯವೊಂದು ತೆರೆಯಿತು. ಗೊತ್ತಾದ ಹೊತ್ತಿಗೆ ಆ ಕಟ್ಟಡದ ಕಿಟಕಿಗಳು ತೆರೆದುಕೊಂಡು ಒಳಗಿನಿಂದ ಬಂಗಾರದ ಬಣ್ಣದ ಘಟಸರ್ಪದ ಹೆಡೆಗಳು ಹೊರಚಾಚಿ ಅತ್ತಿತ್ತ ಹೊರಳುತ್ತವೆ. ಅಂಗಳದಲ್ಲಿ ನೆರೆದ ಮಕ್ಕಳು ಕಿರುಚಿ ಹಿಂದೆ ಸರಿಯುತ್ತಾರೆ. ಮರುಗಳಿಗೆಯಲ್ಲಿ ಅದನ್ನು ಆಡಿಸುವ ಯಂತ್ರವೆಲ್ಲಿದೆಯೆಂದು ಕತ್ತೆತ್ತಿ ಹುಡುಕತೊಡಗುತ್ತಾರೆ.